ಸ್ವಂತ ಲಿವರ್ ಮೇಲೆ ಮುಗಿಬೀಳುವ ಇಮ್ಯುನಿಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ನಮ್ಮಕ್ಕನಿಗೆ ಆಟೋಇಮ್ಯೂನ್ ಹೆಪಟೈಟಿಸ್ ಇದೆ. ಅವಳ ಜೊತೆ ಓಡಾಡಿ ಮೈಸೂರಿನ ಓಪಿಡಿ ಬೆಂಚುಗಳ ಪರಿಚಯ ಚೆನ್ನಾಗಿ ಆಗಿದೆ. ಆ ಬೆಂಚಿನ ಮೇಲೆ, ಮೈಸೂರು ರೈಲಿನಲ್ಲಿ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಜನ ಕೇಳಿದ್ದನ್ನೇ ಕೇಳುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆ ಹಾಕಿದ್ದೇನೆ. ಮಾತ್ರೆ ಶುರು ಮಾಡೋದು, ನಿಲ್ಲಿಸೋದು, ಪ್ರಮಾಣ ಬದಲಿಸೋದು ನಿಮ್ಮ ಡಾಕ್ಟರಿಗೆ ಬಿಟ್ಟಿದ್ದು. ಅವರು ಯಾಕೆ ಹಾಗೆ ಹೇಳುತ್ತಾರೆ ಅನ್ನೋದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಿದ್ದೇನೆ.

## ಮೊದಮೊದಲು ಕೇಳುವುದು

ಒಂದು ತೊಟ್ಟು ಕುಡಿದವಳಲ್ಲ ಸಾರ್, ನನಗ್ಯಾಕೆ ಲಿವರ್ ಕಾಯಿಲೆ ಬಂತು?

ಲಿವರ್ ಅಂದ ತಕ್ಷಣ ನಮ್ಮ ಕಡೆ ಎಲ್ಲರ ಕಣ್ಣೂ ಬಾಟಲಿ ಕಡೆಗೇ ಹೋಗುತ್ತದೆ. ಪಾಪ, ಎಷ್ಟೋ ಹೆಂಗಸರು ಇದಕ್ಕೇ ಕಾಯಿಲೆ ವಿಷಯ ಮನೆಯವರಿಂದಲೂ ಮುಚ್ಚಿಡುತ್ತಾರೆ. ಕುಡಿತಕ್ಕೂ ಈ ಕಾಯಿಲೆಗೂ ಸಂಬಂಧ ಇಲ್ಲ. ಹೊರಗಿನ ವೈರಸ್ಸು, ಬ್ಯಾಕ್ಟೀರಿಯಾ ಹೊಡೆಯಬೇಕಾದ ರಕ್ಷಣಾ ಕೋಶಗಳು ಸ್ವಂತ ಲಿವರ್ ಕೋಶವನ್ನೇ ಹಗೆ ಅಂದುಕೊಂಡು ಹೊಡೆಯುತ್ತವೆ, ಅಷ್ಟೇ.

ಇದು ಹೊಸ ಕಾಯಿಲೆಯೂ ಅಲ್ಲ. 1950ರಲ್ಲಿ ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್ ಎಂಬ ವೈದ್ಯ, ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಬಿಡದೆ ಕಾಡುವ ಲಿವರ್ ಉರಿಯೂತ ಮತ್ತು ರಕ್ತದಲ್ಲಿ ಗ್ಲೋಬ್ಯುಲಿನ್ ಅನ್ನುವ ಪ್ರೋಟೀನು ವಿಪರೀತ ಇರುವುದನ್ನು ವರದಿ ಮಾಡಿದ. ಆಮೇಲೆ ಆಸ್ಟ್ರೇಲಿಯಾದ ಇಯಾನ್ ಮೆಕೇ 1956ರಲ್ಲಿ ಇದಕ್ಕೂ, ಇಮ್ಯುನಿಟಿ ಮೈಯ ಹಲವು ಅಂಗಗಳ ಮೇಲೆ ಬೀಳುವ ಲೂಪಸ್ ಕಾಯಿಲೆಗೂ ಇರುವ ಹೋಲಿಕೆ ತೋರಿಸಿದರು.

ಅಂಟುತ್ತಾ? ಲೋಟ ತಟ್ಟೆ ಬೇರೆ ಇಡಬೇಕಾ?

ಅಂಟಲ್ಲ. ಒಂದೇ ತಟ್ಟೇಲಿ ಊಟ ಮಾಡಿ, ಏನೂ ಆಗಲ್ಲ. ಹೆಪಟೈಟಿಸ್ ಎಂಬ ಹೆಸರು ಕೇಳಿ ಬಿ, ಸಿ ವೈರಸ್ಸಿನ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಹೆಪಟೈಟಿಸ್ ಅಂದರೆ ಲಿವರ್ ಉರಿಯೂತ, ಯಾವ ಕಾರಣಕ್ಕಾದರೂ ಸರಿ.

ಇಮ್ಯುನಿಟಿ ಕಮ್ಮಿ ಆಗಿ ಬಂದಿದ್ದು ಅಲ್ವಾ? ಜಾಸ್ತಿ ಮಾಡಿಕೊಂಡ್ರೆ ಹೋಗಲ್ವಾ?

ಅಲ್ಲ. ಈ ಇಡೀ ಬರಹದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕೊರೊನಾ ಬಂದು ಹೋದ ಮೇಲೆ ಇಮ್ಯುನಿಟಿ ಅನ್ನೋದು ಬೆಲೆಗೆ ಸಿಗುವ ಸಾಮಾನಾಗಿದೆ. ಪುಡಿ, ಕಷಾಯ, ಲೇಹ್ಯ, ಜ್ಯೂಸು ಎಲ್ಲದರ ಮೇಲೂ ಅದೇ ಅಚ್ಚು. ಆದರೆ ಈ ಕಾಯಿಲೆಯಲ್ಲಿ ಕೊರತೆ ಇರೋದು ಶಕ್ತಿಯಲ್ಲಿ ಅಲ್ಲ, ಹಿಡಿತದಲ್ಲಿ. ರಕ್ಷಣಾ ಕೋಶಗಳು ಒಂದಕ್ಕೊಂದು ರಾಸಾಯನಿಕ ಸಂದೇಶ ಕಳಿಸಿಕೊಳ್ಳುತ್ತವೆ: ಎದ್ದೇಳು, ಹೆಚ್ಚಾಗು, ಹೊಡಿ, ಸಾಕು ನಿಲ್ಲಿಸು. ಇಲ್ಲಿ ಮೊದಲ ಮೂರು ಜೋರಾಗಿವೆ, ಕೊನೆಯದು ಕ್ಷೀಣವಾಗಿದೆ. ಅಂಥ ಹೊತ್ತಲ್ಲಿ ಇಮ್ಯುನಿಟಿ ಬೂಸ್ಟರ್ ಕುಡಿಯೋದು ಅಂದರೆ ಜೋರಾಗಿರೋದನ್ನೇ ಇನ್ನಷ್ಟು ಜೋರು ಮಾಡಿದ ಹಾಗೆ. ಡಾಕ್ಟರು ಕೊಡುವ ಮಾತ್ರೆಗಳೆಲ್ಲ ಇದಕ್ಕೆ ಸರಿಯಾಗಿ ಉಲ್ಟಾ ಕೆಲಸ ಮಾಡುತ್ತವೆ. ಬೆಳಗ್ಗೆ ಆ ಮಾತ್ರೆ, ಸಂಜೆ ಆ ಕಷಾಯ ತಗೊಂಡರೆ ಒಂದು ಕೈಯಲ್ಲಿ ತಗ್ಗಿಸಿ ಇನ್ನೊಂದು ಕೈಯಲ್ಲಿ ಏರಿಸಿದಂತಾಯಿತು ತಾನೇ?

ಎಐಎಚ್, ಪಿಬಿಸಿ, ಪಿಎಸ್‌ಸಿ ಅಂತೆಲ್ಲ ಬರೀತಾರೆ, ಎಲ್ಲಾ ಒಂದೇನಾ?

ಮೂರೂ ಒಂದೇ ಕುಟುಂಬದವು, ಆದರೆ ಹೊಡೆತ ಬೀಳುವ ಜಾಗ ಬೇರೆ. ಎಐಎಚ್ ಅಂದರೆ ಆಟೋಇಮ್ಯೂನ್ ಹೆಪಟೈಟಿಸ್. ಅದರಲ್ಲಿ ಲಿವರ್ ಕೋಶಕ್ಕೇ ಏಟು. ಪಿಬಿಸಿಯಲ್ಲಿ ಲಿವರ್ ಒಳಗಿನ ಸಣ್ಣ ಪಿತ್ತನಾಳಗಳಿಗೆ ಏಟು, ಮೈ ನವೆ ಮತ್ತು ಸುಸ್ತು ಜಾಸ್ತಿ. ಪಿಎಸ್‌ಸಿಯಲ್ಲಿ ಪಿತ್ತನಾಳಗಳು ಅಲ್ಲಲ್ಲಿ ಕಲೆಗಟ್ಟಿ ಕಿರಿದಾಗುತ್ತವೆ, ಎಂಆರ್‌ಸಿಪಿ ಸ್ಕ್ಯಾನಿನಲ್ಲಿ ಮಣಿಸರದ ಹಾಗೆ ಕಾಣುತ್ತವೆ, ಬಹಳ ಜನಕ್ಕೆ ಜೊತೆಯಲ್ಲಿ ಕರುಳಿನ ಉರಿಯೂತವೂ ಇರುತ್ತದೆ. ಮೊದಲಿನ ಎರಡು ಹೆಂಗಸರಲ್ಲಿ ಜಾಸ್ತಿ, ಮೂರನೆಯದು ಗಂಡಸರಲ್ಲಿ ಜಾಸ್ತಿ. ಒಬ್ಬರಿಗೇ ಎರಡರ ಲಕ್ಷಣ ಇರುವುದೂ ಉಂಟು.

ಪಿಬಿಸಿಯಲ್ಲಿ ಸಿ ಅಕ್ಷರಕ್ಕೆ ಮೊದಲು ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಕಲೆಗಟ್ಟಿ ಗಟ್ಟಿಯಾಗೋದು, ಅಂತ ಇತ್ತು. ಎಷ್ಟೋ ಜನಕ್ಕೆ ಸಿರೋಸಿಸ್ ಇಲ್ಲದೆಯೇ ಆ ಹಣೆಪಟ್ಟಿ ಬೀಳುತ್ತಿತ್ತು. 2015ರಲ್ಲಿ ಅದನ್ನು ಕೊಲಾಂಜೈಟಿಸ್, ಅಂದರೆ ಪಿತ್ತನಾಳದ ಉರಿಯೂತ, ಅಂತ ಬದಲಿಸಿದರು. ಹಳೇ ಫೈಲಿನಲ್ಲಿ ಸಿರೋಸಿಸ್ ಅಂತ ನೋಡಿ ಗಾಬರಿ ಆಗಬೇಡಿ, ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ನನ್ನ ಮಗಳಿಗೂ ಬರುತ್ತಾ?

ತಾಯಿಯಿಂದ ಮಗಳಿಗೆ ನೇರವಾಗಿ ದಾಟುವ ಕಾಯಿಲೆ ಅಲ್ಲ. ಎಚ್‌ಎಲ್‌ಎ ಅನ್ನುವ ಜೀನ್‌ಗಳ ಕೆಲವು ಬಗೆ, ಅದರಲ್ಲೂ ಡಿಆರ್3 ಮತ್ತು ಡಿಆರ್4, ಇದ್ದವರಲ್ಲಿ ಎಐಎಚ್ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಆದರೆ ಅವೇ ಜೀನ್ ಇದ್ದೂ ಜೀವಮಾನವಿಡೀ ಆರಾಮಾಗಿ ಇರುವವರೇ ಬಹುಪಾಲು. ಮನೆಯಲ್ಲಿ ಥೈರಾಯ್ಡ್, ಕೀಲುವಾತ, ತೊನ್ನು ಇಂಥ ಬೇರೆ ಆಟೋಇಮ್ಯೂನ್ ಕಾಯಿಲೆ ಇರೋದು ಮಾತ್ರ ಸಾಮಾನ್ಯ. ಡಾಕ್ಟರು ಕೇಳಿದಾಗ ಅದನ್ನು ಮರೆಯದೆ ಹೇಳಿ.

## ರಿಪೋರ್ಟ್ ಕೈಯಲ್ಲಿ ಹಿಡಿದು ಕೇಳುವುದು

ಎಎನ್‌ಎ ಪಾಸಿಟಿವ್ ಅಂತ ಬಂದಿದೆ. ಲಿವರ್ ಹೋಯ್ತಾ?

ಅದೊಂದರಿಂದ ಏನೂ ಹೇಳಕ್ಕಾಗಲ್ಲ. ಆಂಟಿಬಾಡಿ ಅಂದರೆ ಹಗೆಗೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನು; ನಮ್ಮದೇ ಕೋಶದ ನ್ಯೂಕ್ಲಿಯಸ್ಸಿಗೆ ಅಂಟುವ ಆಂಟಿಬಾಡಿಯೇ ಎಎನ್‌ಎ. ಈ ಟೆಸ್ಟು ಹೇಗೆ ಮಾಡುತ್ತಾರೆ ಅಂತ ಒಮ್ಮೆ ನೋಡಿದರೆ ಅರ್ಥವಾಗುತ್ತದೆ. ಲಿವರ್ ಪ್ಯಾನೆಲ್‌ಗೆ ಇಲಿಯ ಲಿವರ್, ಕಿಡ್ನಿ, ಜಠರದ ತೆಳು ಪದರಗಳನ್ನು ಗಾಜಿನ ಸ್ಲೈಡಿನ ಮೇಲೆ ಇಟ್ಟಿರುತ್ತಾರೆ. ನಿಮ್ಮ ರಕ್ತದ ಸೀರಮ್ಮನ್ನು ನೀರಾಗಿಸಿ ಅದರ ಮೇಲೆ ಹಾಕಿ, ತೊಳೆದು, ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ದ್ರವ ಬಿಡುತ್ತಾರೆ. ನಿಮ್ಮ ಆಂಟಿಬಾಡಿ ಎಲ್ಲಿ ಅಂಟಿಕೊಂಡಿದೆಯೋ ಅಲ್ಲಿ ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಹಸಿರು ಮಿಂಚುತ್ತದೆ. ಕೋಶಗಳ ನ್ಯೂಕ್ಲಿಯಸ್ ಮಿಂಚಿದರೆ ಎಎನ್‌ಎ. ಜಠರದ ಸ್ನಾಯು ಮತ್ತು ರಕ್ತನಾಳದ ಗೋಡೆ ಮಿಂಚಿದರೆ ಎಸ್‌ಎಂಎ. ಲಿವರ್ ಕೋಶದ ಒಳಗು ಮತ್ತು ಕಿಡ್ನಿಯ ಕೊಳವೆ ಮಿಂಚಿದರೆ ಎಲ್‌ಕೆಎಂ.

1:40, 1:80, 1:160 ಅಂತ ಬರೆದಿರುವುದು ಸೀರಮ್ಮನ್ನು ಎಷ್ಟು ಪಟ್ಟು ನೀರಾಗಿಸಿದರೂ ಮಿಂಚು ಕಾಣಿಸಿತು ಅನ್ನುವ ಲೆಕ್ಕ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದವರ ಪೈಕಿ ಸುಮಾರು 32% ಜನಕ್ಕೆ 1:40ರಲ್ಲಿ ಎಎನ್‌ಎ ಪಾಸಿಟಿವ್ ಬಂದಿತ್ತು, 1:160ರಲ್ಲೂ 5% ಜನಕ್ಕೆ. ಹಾಗಾಗಿ ಹೆಲ್ತ್ ಪ್ಯಾಕೇಜಿನಲ್ಲಿ ಸುಮ್ನೆ ಎಎನ್‌ಎ ಮಾಡಿಸಿಕೊಂಡು ರಾತ್ರಿ ನಿದ್ದೆಗೆಡುವವರನ್ನು ಕಂಡರೆ ನನಗೆ ಬೇಜಾರು. ಇದರ ಉಲ್ಟಾನೂ ನಿಜ: ಕೆಲವರಿಗೆ ಎಲ್ಲಾ ಆಂಟಿಬಾಡಿ ನೆಗೆಟಿವ್ ಬಂದು ಕಾಯಿಲೆ ಮಾತ್ರ ಇರುತ್ತದೆ.

ಎಸ್‌ಜಿಪಿಟಿ ಬಿಟ್ಟು ಬೇರೆ ಏನು ನೋಡಬೇಕು?

ಎಲ್ಲರೂ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಲಿವರ್ ಎಂಜೈಮುಗಳ ಎರಡು ಸಾಲು ನೋಡಿ ಕಾಗದ ಮಡಿಚುತ್ತಾರೆ. ಸ್ವಲ್ಪ ಕೆಳಗೆ ಬನ್ನಿ. ಟೋಟಲ್ ಪ್ರೋಟೀನ್, ಆಲ್ಬುಮಿನ್, ಗ್ಲೋಬ್ಯುಲಿನ್, ಎ/ಜಿ ರೇಷಿಯೋ ಅಂತ ಇರುತ್ತದೆ. ಸಾಮಾನ್ಯವಾಗಿ ಆಲ್ಬುಮಿನ್ ಜಾಸ್ತಿ, ಗ್ಲೋಬ್ಯುಲಿನ್ ಕಮ್ಮಿ. ಎಐಎಚ್‌ನಲ್ಲಿ ಪ್ಲಾಸ್ಮಾ ಕೋಶಗಳು ಐಜಿಜಿ ಅನ್ನುವ ಆಂಟಿಬಾಡಿಯನ್ನು ಬೇಕಾಬಿಟ್ಟಿ ತಯಾರಿಸುವುದರಿಂದ ಗ್ಲೋಬ್ಯುಲಿನ್ ಏರಿ ಈ ರೇಷಿಯೋ ತಲೆಕೆಳಗಾಗಬಹುದು. ನಮ್ಮಕ್ಕನ ಹಳೇ ರಿಪೋರ್ಟಿನಲ್ಲಿ ಈ ಸಾಲು ದಪ್ಪ ಅಕ್ಷರದಲ್ಲೇ ಇತ್ತು, ಕಾಮಾಲೆ ಅಂತ ನಾಟಿ ಔಷಧಿ ಕೊಡಿಸುವ ಗಡಿಬಿಡಿಯಲ್ಲಿ ಮನೆಯಲ್ಲಿ ಯಾರೂ ಅದರ ಕಡೆ ನೋಡಲಿಲ್ಲ.

ಪಿಬಿಸಿಯಲ್ಲಿ ಏರುವುದು ಐಜಿಎಂ ಅನ್ನುವ ಇನ್ನೊಂದು ಬಗೆಯ ಆಂಟಿಬಾಡಿ, ಜೊತೆಗೆ ಪಿತ್ತನಾಳಕ್ಕೆ ಪೆಟ್ಟಾದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಎಂಜೈಮು. ಚಿಕಿತ್ಸೆ ಶುರುವಾದ ಮೇಲೆ ಎಐಎಚ್ ಹತೋಟಿಗೆ ಬಂದಿದೆ ಅನ್ನಬೇಕಾದರೆ ಎಸ್‌ಜಿಒಟಿ, ಎಸ್‌ಜಿಪಿಟಿಗಳ ಜೊತೆ ಐಜಿಜಿಯೂ ನಾರ್ಮಲ್‌ಗೆ ಇಳಿಯಬೇಕು.

ಬಯಾಪ್ಸಿ ಬೇಕೇ ಬೇಕಾ? ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಆಗುತ್ತೆ ಅಂತಾರೆ.

ಕ್ಯಾನ್ಸರ್ ಆಗುತ್ತೆ ಅನ್ನೋದು ಸುಳ್ಳು. ಸ್ವಲ್ಪ ನೋವು, ಅಪರೂಪಕ್ಕೆ ರಕ್ತಸ್ರಾವ ಆಗಬಹುದು, ಅದಕ್ಕೇ ಮೊದಲೇ ರಕ್ತ ಹೆಪ್ಪುಗಟ್ಟುವ ಟೆಸ್ಟು ಮಾಡಿ, ಆಮೇಲೆ ಕೆಲವು ಗಂಟೆ ಮಲಗಿಸಿ ನೋಡುತ್ತಾರೆ.

ಎಐಎಚ್‌ಗೆ ಇದೊಂದೇ ಟೆಸ್ಟು ಅಂತ ಇಲ್ಲ. 2008ರ ಸರಳ ಅಂಕಪದ್ಧತಿಯಲ್ಲಿ ನಾಲ್ಕು ವಿಷಯ ಕೂಡುತ್ತಾರೆ: ಆಂಟಿಬಾಡಿ, ಐಜಿಜಿ, ಬಯಾಪ್ಸಿ, ಮತ್ತು ವೈರಸ್ ಹೆಪಟೈಟಿಸ್ ಇಲ್ಲ ಅನ್ನೋದು. ಒಟ್ಟು 8ರಲ್ಲಿ 6 ಬಂದರೆ ಇರಬಹುದು, 7 ಅಥವಾ ಮೇಲೆ ಬಂದರೆ ಖಚಿತ. ಬಯಾಪ್ಸಿಯಲ್ಲಿ ರಕ್ತನಾಳ, ಪಿತ್ತನಾಳ ಇರುವ ಭಾಗದ ಅಂಚಿನಲ್ಲಿ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು ಲಿವರ್ ಕೋಶಗಳ ಸಾಲನ್ನು ಕೊರೆದುಕೊಂಡು ಒಳಗೆ ನುಗ್ಗಿರುವುದು ಕಾಣುತ್ತದೆ. ಎಷ್ಟು ಕಲೆಗಟ್ಟಿದೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ವರ್ಷಗಟ್ಟಲೆ ಮಾತ್ರೆ ನುಂಗುವ ಮೊದಲು ಇಷ್ಟು ಖಚಿತ ಮಾಡಿಕೊಳ್ಳೋದು ನ್ಯಾಯ ಅಂತ ನನ್ನ ಅಭಿಪ್ರಾಯ.

## ಒಳಗೆ ನಡೆಯುವುದೇನು

ಸಿಗ್ನಲ್ ಸಿಗ್ನಲ್ ಅಂತೀರಲ್ಲ ಮೇಷ್ಟ್ರೇ, ಯಾರು ಯಾರಿಗೆ ಕೊಡೋದು?

ಟಿ ಕೋಶ ಅನ್ನುವ ಬಿಳಿ ರಕ್ತಕೋಶ ಕೆಲಸಕ್ಕೆ ಇಳಿಯಬೇಕಾದರೆ ಮೂರು ಸಿಗ್ನಲ್ ಬೇಕು.

ಮೊದಲನೆಯದು ಗುರುತು. ಡೆಂಡ್ರಿಟಿಕ್ ಕೋಶದಂಥವು ಪ್ರೋಟೀನಿನ ಒಂದು ಚೂರನ್ನು ಎಚ್‌ಎಲ್‌ಎ ಅಣುವಿನ ಮೇಲೆ ಇಟ್ಟು ತೋರಿಸುತ್ತವೆ, ಟಿ ಕೋಶದ ಗ್ರಾಹಕ ಅದಕ್ಕೆ ಹೊಂದಿಕೊಂಡರೆ ಗುರುತು ಸಿಕ್ಕಂತೆ. ಡಿಆರ್3, ಡಿಆರ್4 ಜೀನಿನ ಮಾತು ಬಂತಲ್ಲ, ಯಾವ ಚೂರು ಚೆನ್ನಾಗಿ ಕೂರುತ್ತದೆ ಅನ್ನುವುದನ್ನು ಅವು ನಿರ್ಧರಿಸುತ್ತವೆ. ಎರಡನೆಯದು ಒಪ್ಪಿಗೆ. ತೋರಿಸುವ ಕೋಶದ ಸಿಡಿ80 ಅಥವಾ ಸಿಡಿ86, ಟಿ ಕೋಶದ ಸಿಡಿ28 ಅನ್ನು ಮುಟ್ಟಬೇಕು. ಗುರುತು ಸಿಕ್ಕಿ ಒಪ್ಪಿಗೆ ಸಿಗದಿದ್ದರೆ ಟಿ ಕೋಶ ಸುಮ್ಮನಾಗಿಬಿಡುತ್ತದೆ, ಮತ್ತೆ ಅದನ್ನು ಎಬ್ಬಿಸುವುದೂ ಕಷ್ಟ. ಮೂರನೆಯದು ಸೈಟೊಕೈನ್‌ಗಳು, ಅಂದರೆ ಕೋಶಗಳು ಸುತ್ತ ಸುರಿಯುವ ಸಣ್ಣ ಪ್ರೋಟೀನುಗಳು. ಟಿ ಕೋಶ ಮುಂದೆ ಎಂಥದ್ದಾಗಬೇಕು ಅನ್ನೋದು ಇದರ ಮೇಲೆ. ಇಂಟರ್‌ಲ್ಯೂಕಿನ್-12 ಸಿಕ್ಕರೆ ಟಿಎಚ್1 ಆಗಿ ಇಂಟರ್‌ಫೆರಾನ್ ಗ್ಯಾಮಾ ಸುರಿಸುತ್ತದೆ. ಟಿಜಿಎಫ್ ಬೀಟಾ ಜೊತೆ ಇಂಟರ್‌ಲ್ಯೂಕಿನ್-6 ಸಿಕ್ಕರೆ ಟಿಎಚ್17 ಆಗುತ್ತದೆ. ಇವೆರಡೂ ಉರಿಯೂತ ಹೆಚ್ಚಿಸುವ ಬಗೆಗಳು. ಅದೇ ಟಿಜಿಎಫ್ ಬೀಟಾ ಜೊತೆ 6 ಇಲ್ಲದೆ ಇಂಟರ್‌ಲ್ಯೂಕಿನ್-2 ಇದ್ದರೆ ಎಲ್ಲರನ್ನೂ ತಣ್ಣಗಾಗಿಸುವ ಟಿ-ರೆಗ್ ಆಗುತ್ತದೆ. ಒಂದೇ ಒಂದು ಸೈಟೊಕೈನಿನ ವ್ಯತ್ಯಾಸದಿಂದ ಹೊಡೆಯುವವನೋ ತಡೆಯುವವನೋ ಅನ್ನುವುದು ತೀರ್ಮಾನವಾಗುತ್ತದೆ. ಇದನ್ನು ಪಾಠ ಮಾಡುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಲಿವರಿನಲ್ಲಿ ಆಮೇಲೆ ಏನಾಗುತ್ತದೆ ನೋಡಿ. ಇಂಟರ್‌ಫೆರಾನ್ ಗ್ಯಾಮಾ ಬಿದ್ದ ಲಿವರ್ ಕೋಶ ತನ್ನ ಮೈ ಮೇಲೆ ಇನ್ನಷ್ಟು ಎಚ್‌ಎಲ್‌ಎ ಹೊರತರುತ್ತದೆ, ಅಂದರೆ ಟಿ ಕೋಶಗಳ ಕಣ್ಣಿಗೆ ಇನ್ನೂ ಚೆನ್ನಾಗಿ ಬೀಳುತ್ತದೆ. ಜೊತೆಗೆ ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಅನ್ನುವ ಕರೆಯುವ ಪ್ರೋಟೀನುಗಳು ಹೊರಟು, ರಕ್ತದಲ್ಲಿ ಓಡಾಡುತ್ತಿದ್ದ ಮತ್ತಷ್ಟು ಟಿ ಕೋಶಗಳನ್ನು ಲಿವರಿಗೆ ಎಳೆಯುತ್ತವೆ. ಅವು ಬಂದು ಮತ್ತೆ ಇಂಟರ್‌ಫೆರಾನ್ ಸುರಿಸುತ್ತವೆ. ಹೀಗೆ ತಾನೇ ತಾನಾಗಿ ಬೆಳೆಯುವ ಸುತ್ತು ಇದು. ಅದಕ್ಕೇ ಮೊದಲು ಕಿಡಿ ಹೊತ್ತಿಸಿದ ವೈರಸ್ಸೋ ಔಷಧಿಯೋ ಯಾವತ್ತೋ ಹೋಗಿದ್ದರೂ ಕಾಯಿಲೆ ಮುಂದುವರಿಯಬಹುದು.

ಲಿವರ್ ತುಂಬಾ ತಾಳ್ಮೆ ಇರೋ ಅಂಗ ಅಂತ ಓದಿದ್ದೆ. ಅದೂ ಸುಳ್ಳಾ?

ನಿಜವೇ. ಲಿವರಿಗೆ ಹೋಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ, ಪೋರ್ಟಲ್ ವೇಯ್ನ್ ಮೂಲಕ ಬರುತ್ತದೆ. ತಿಂದದ್ದರ ಚೂರು, ಬ್ಯಾಕ್ಟೀರಿಯಾದ ಚೂರು ಎಲ್ಲಾ ಅದರಲ್ಲಿ ಇರುತ್ತದೆ. ಪ್ರತಿಯೊಂದಕ್ಕೂ ರೇಗುತ್ತಾ ಕೂತರೆ ಊಟ ಮಾಡಿದಾಗೆಲ್ಲ ಲಿವರ್ ಊದಬೇಕಿತ್ತು. ಅದಕ್ಕೇ ಅಲ್ಲೇ ನೆಲೆಸಿ ಕಸ ನುಂಗುವ ಕುಫರ್ ಕೋಶಗಳು, ರಕ್ತನಾಳದ ಒಳಪದರದ ಕೋಶಗಳು ಇಂಟರ್‌ಲ್ಯೂಕಿನ್-10, ಟಿಜಿಎಫ್ ಬೀಟಾ, ಪಿಡಿ-ಎಲ್1 ಇಂಥ ಸಮಾಧಾನದ ಸಿಗ್ನಲ್‌ಗಳನ್ನು ಸದಾ ಕೊಡುತ್ತಿರುತ್ತವೆ.

1969ರಲ್ಲಿ ಇಂಗ್ಲೆಂಡಿನ ಸರ್ಜನ್ ರಾಯ್ ಕ್ಯಾನ್ ಮತ್ತು ಸಂಗಡಿಗರು ಒಂದು ಹಂದಿಯ ಲಿವರನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ ಇಮ್ಯುನಿಟಿ ತಗ್ಗಿಸುವ ಔಷಧಿ ಇಲ್ಲದೆಯೂ ಅದು ಎಷ್ಟೋ ಸಲ ಉಳಿಯಿತು ಅಂತ ತೋರಿಸಿದರು. ಕಿಡ್ನಿಯಾದರೆ ಹಾಗೆ ಉಳಿಯುವುದಿಲ್ಲ. ಇಷ್ಟೆಲ್ಲ ತಾಳ್ಮೆ ಇರುವ ಅಂಗದಲ್ಲಿ ಜಗಳ ಶುರುವಾಯಿತು ಅಂದರೆ ಒಂದು ತಡೆ ಮುರಿದರೆ ಸಾಲದು, ಹಲವು ಸಡಿಲವಾಗಿರಬೇಕು. ಕಾಯಿಲೆ ಅಪರೂಪ ಆಗಿರುವುದಕ್ಕೆ ಇದೂ ಒಂದು ಕಾರಣ.

ಟಿ-ರೆಗ್‌ಗೆ ನೊಬೆಲ್ ಬಂತಂತಲ್ಲ, ಅದು ನಮಗೆ ಸಂಬಂಧಪಟ್ಟಿದ್ದಾ?

ನೇರವಾಗಿ ಸಂಬಂಧಪಟ್ಟಿದ್ದು. 2025ರ ವೈದ್ಯಕೀಯ ನೊಬೆಲ್ ಶಿಮೊನ್ ಸಕಾಗುಚಿ, ಮೇರಿ ಬ್ರಂಕೋವ್, ಫ್ರೆಡ್ ರ‍್ಯಾಮ್ಸ್‌ಡೆಲ್ ಮೂವರಿಗೆ ಬಂತು. ತಡೆಯುವ ಟಿ ಕೋಶ ಅನ್ನುವ ಬೇರೆಯೇ ಒಂದು ಜಾತಿ ಇದೆ ಅಂತ ಸಕಾಗುಚಿ 1995ರಲ್ಲಿ ತೋರಿಸಿದರು. ಫಾಕ್ಸ್‌ಪಿ3 ಅನ್ನುವ ಜೀನ್ ಕೆಟ್ಟರೆ ದೇಹವೇ ದೇಹದ ಮೇಲೆ ತಿರುಗಿ ಬೀಳುತ್ತದೆ ಅಂತ ಉಳಿದಿಬ್ಬರು 2001ರಲ್ಲಿ ತೋರಿಸಿದರು.

ನಾಲೆ ಬಯಲಿನವರಿಗೆ ಇದನ್ನು ಹೇಳೋದು ಸುಲಭ. ಗದ್ದೆಗೆ ನೀರು ಬಿಡಬೇಕು, ಸಾಕಾದ ಮೇಲೆ ತೂಬು ಮುಚ್ಚಲೂಬೇಕು. ಮುಚ್ಚುವ ನೀರಗಂಟಿ ಟಿ-ರೆಗ್. ಎಐಎಚ್ ಇರುವವರಲ್ಲಿ ಇವುಗಳ ಸಂಖ್ಯೆ ಕಮ್ಮಿ ಅಂತ ಕೆಲವು ಅಧ್ಯಯನ, ಸಂಖ್ಯೆ ಸರಿಯಿದ್ದೂ ಕೆಲಸ ಸರಿಯಿಲ್ಲ ಅಂತ ಇನ್ನು ಕೆಲವು. ಆ ವಾದ ಮುಗಿದಿಲ್ಲ. ಟಿ-ರೆಗ್‌ಗೆ ಬದುಕಲು ಇಂಟರ್‌ಲ್ಯೂಕಿನ್-2 ಬೇಕು ಅನ್ನುವುದನ್ನು ಹಿಡಿದು, ಅದನ್ನು ತೀರಾ ಕಮ್ಮಿ ಪ್ರಮಾಣದಲ್ಲಿ ಕೊಟ್ಟು ನೋಡುವ ಸಣ್ಣ ಪ್ರಯತ್ನಗಳು ನಡೆದಿವೆ. ನಮ್ಮ ಓಪಿಡಿಗೆ ಬಂದು ಮುಟ್ಟುವ ಹಂತದಲ್ಲಿ ಅದಿನ್ನೂ ಇಲ್ಲ.

ಹಾಗಾದ್ರೆ ಲಿವರ್ ತಿನ್ನೋದು ಆ ಆಂಟಿಬಾಡಿಗಳಾ?

ಮುಖ್ಯವಾಗಿ ಅಲ್ಲ. ಎಎನ್‌ಎ, ಎಸ್‌ಎಂಎ ಎಷ್ಟಿವೆ ಅನ್ನೋದಕ್ಕೂ ಲಿವರ್ ಎಷ್ಟು ಕೆಟ್ಟಿದೆ ಅನ್ನೋದಕ್ಕೂ ಸರಿಯಾದ ತಾಳೆ ಇಲ್ಲ. ಹೆಚ್ಚಿನ ಹಾನಿ ಮಾಡುವುದು ಟಿ ಕೋಶಗಳು. ಸಿಡಿ8 ಅನ್ನುವ ಬಗೆಯ ಟಿ ಕೋಶ ಲಿವರ್ ಕೋಶಕ್ಕೆ ಅಂಟಿಕೊಂಡು ಪರ್ಫೊರಿನ್‌ನಿಂದ ತೂತು ಕೊರೆದು ಗ್ರಾನ್‌ಜೈಮ್ ಒಳಗೆ ಬಿಡುತ್ತದೆ, ಇಲ್ಲವೇ ಫ್ಯಾಸ್ ಅನ್ನುವ ಗುಂಡಿ ಒತ್ತಿ ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಸತ್ತ ಕೋಶಗಳ ಸುತ್ತ ಸ್ಟೆಲೇಟ್ ಕೋಶಗಳು ಟಿಜಿಎಫ್ ಬೀಟಾ ಸಿಗ್ನಲ್ ಹಿಡಿದು ಕೊಲಾಜೆನ್ ನಾರು ಹೆಣೆಯುತ್ತವೆ. ಅದೇ ಫೈಬ್ರೋಸಿಸ್, ಮುಂದೆ ಸಿರೋಸಿಸ್. ಉರಿಯೂತ ತಗ್ಗಿಸಿದ ಸಿಗ್ನಲ್ಲೇ ಇಲ್ಲಿ ನಾರು ಬೆಳೆಸುತ್ತಿದೆ, ನೋಡಿ. ಒಂದೇ ಅಣುವಿಗೆ ಜಾಗಕ್ಕೊಂದು ಗುಣ.

ಎಲ್‌ಕೆಎಂ-1 ಮಾತ್ರ ಸ್ವಲ್ಪ ಬೇರೆ. ಅದರ ಗುರಿ ಲಿವರಿನ ಸಿವೈಪಿ2ಡಿ6 ಅನ್ನುವ ಎಂಜೈಮು, ನಾವು ನುಂಗುವ ಎಷ್ಟೋ ಮಾತ್ರೆಗಳನ್ನು ಅರಗಿಸುವುದು ಇದೇ. ಮಕ್ಕಳಲ್ಲಿ ಕಾಣುವ ಎರಡನೇ ಬಗೆಯ ಎಐಎಚ್‌ನಲ್ಲಿ ಇದು ಸಿಗುತ್ತದೆ.

## ಮಾತ್ರೆ, ಕಷಾಯ, ಊಟ

ಪ್ರೆಡ್ನಿಸೊಲೋನ್ ತಗೊಂಡು ಮುಖ ಊದ್ಕೊಂಡಿದೆ. ಅಜಾಥಯೋಪ್ರಿನ್ ಬೇರೆ ಬರೆದಿದ್ದಾರೆ. ಎರಡೂ ಯಾಕೆ?

ಪ್ರೆಡ್ನಿಸೊಲೋನ್ ಒಂದು ಸ್ಟೀರಾಯ್ಡ್, ಬೇಗ ಕೆಲಸ ಮಾಡುತ್ತದೆ. ಕೋಶದ ಒಳಗೆ ಹೋಗಿ, ತನ್ನ ಗ್ರಾಹಕದ ಜೊತೆ ನ್ಯೂಕ್ಲಿಯಸ್ ಸೇರಿ, ಎನ್‌ಎಫ್-ಕಪ್ಪಾ-ಬಿ ಅನ್ನುವ ಸ್ವಿಚ್ಚನ್ನು ಅದುಮುತ್ತದೆ. ಆಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, 2, 6 ಇಂಥ ಸೈಟೊಕೈನುಗಳೆಲ್ಲದರ ತಯಾರಿಕೆ ಒಟ್ಟಿಗೆ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಇಳಿಸುವುದರಿಂದಲೇ ತೊಂದರೆಗಳೂ ಜಾಸ್ತಿ: ಮುಖ ದುಂಡಗಾಗೋದು, ಸಕ್ಕರೆ ಏರೋದು, ನಿದ್ದೆ ಬಾರದಿರೋದು, ಮೂಳೆ ಸವೆಯೋದು. ಅಜಾಥಯೋಪ್ರಿನ್ ನಿಧಾನ. ಅದು ಟಿ ಮತ್ತು ಬಿ ಕೋಶಗಳು ದುಪ್ಪಟ್ಟಾಗಲು ಬೇಕಾದ ಡಿಎನ್‌ಎ ಕಚ್ಚಾವಸ್ತುವಿಗೇ ಕೈ ಹಾಕುತ್ತದೆ. ಅದು ಕೆಲಸಕ್ಕೆ ಹತ್ತುವವರೆಗೆ ಸ್ಟೀರಾಯ್ಡ್ ಕಾಯುತ್ತದೆ, ಹತ್ತಿದ ಮೇಲೆ ಸ್ಟೀರಾಯ್ಡ್ ಇಳಿಸುತ್ತಾ ಬರಬಹುದು. ಅಜಾಥಯೋಪ್ರಿನ್ ಹುಟ್ಟಿಗೆ ಕಾರಣರಾದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್‌ಗೆ 1988ರಲ್ಲಿ ನೊಬೆಲ್ ಬಂತು.

ಶುರುವಿನಲ್ಲಿ ಪದೇ ಪದೇ ರಕ್ತದ ಕೌಂಟ್ ಮಾಡಿಸಿ ಅಂದರೆ ದುಡ್ಡು ಕೀಳೋದಕ್ಕೆ ಅಂದುಕೊಳ್ಳಬೇಡಿ. ಟಿಪಿಎಂಟಿ ಅಥವಾ ಎನ್‌ಯುಡಿಟಿ15 ಅನ್ನುವ ಜೀನ್‌ಗಳಲ್ಲಿ ಬದಲಾವಣೆ ಇದ್ದವರಿಗೆ ಮಾಮೂಲಿ ಪ್ರಮಾಣದ ಅಜಾಥಯೋಪ್ರಿನ್‌ನಿಂದಲೇ ಬಿಳಿ ರಕ್ತಕೋಶ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎರಡನೆಯದು ನಮ್ಮ ಏಷ್ಯಾದವರಲ್ಲೇ ಜಾಸ್ತಿ. ಯೂರಿಕ್ ಆಸಿಡ್‌ಗೆ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಲೇಬೇಕು, ಅವು ಜೊತೆಗೂಡಿದರೆ ಅದೇ ಅಪಾಯ.

ಮಾತ್ರೆ ಶುರು ಮಾಡೋ ಮುಂಚೆ ಹೆಪಟೈಟಿಸ್ ಬಿ, ಟಿಬಿ ಟೆಸ್ಟ್ ಯಾಕೆ ಬರೀತಾರೆ?

ಹಿಂದೆ ಯಾವಾಗಲೋ ಬಂದು ಅಡಗಿ ಕೂತಿರುವ ಹೆಪಟೈಟಿಸ್ ಬಿ ವೈರಸ್ಸನ್ನೂ ಟಿಬಿಯನ್ನೂ ಹಿಡಿದಿಟ್ಟಿರುವುದು ಇದೇ ಟಿ ಕೋಶಗಳು. ಅವುಗಳ ಸದ್ದಡಗಿಸಿದರೆ ಅವು ಎದ್ದು ಬರಬಹುದು. ಲಸಿಕೆಗಳನ್ನೂ ಆದಷ್ಟು ಮೊದಲೇ ಮುಗಿಸಿಕೊಳ್ಳಿ. ಜೀವಂತ ವೈರಸ್ ಇರುವ ಲಸಿಕೆಗಳು ಆಮೇಲೆ ಬೇಡ.

ರಿಪೋರ್ಟ್ ನಾರ್ಮಲ್ ಬಂತು. ಇನ್ನಾದ್ರೂ ನಿಲ್ಲಿಸಲಾ?

ನೀವಾಗಿ ನಿಲ್ಲಿಸಬೇಡಿ. ಎಂಜೈಮ್ ಮತ್ತು ಐಜಿಜಿ ಎರಡೂ ಕಮ್ಮಿ ಅಂದರೆ ಎರಡು ವರ್ಷ ನಾರ್ಮಲ್ ಇದ್ದ ಮೇಲಷ್ಟೇ ಡಾಕ್ಟರು ಆ ಮಾತು ಎತ್ತುತ್ತಾರೆ. ಹಾಗೆ ಕಾದು ನಿಲ್ಲಿಸಿದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕಾಯಿಲೆ ಮರಳುತ್ತದೆ, ಯಾಕೆಂದರೆ ಲಿವರನ್ನು ಒಮ್ಮೆ ಗುರುತು ಹಿಡಿದ ಟಿ ಕೋಶಗಳ ನೆನಪು ಅಳಿಯುವುದಿಲ್ಲ. ಸ್ಟೀರಾಯ್ಡ್ ಧಿಡೀರನೆ ಬಿಟ್ಟರೆ ಇನ್ನೊಂದು ಗಂಡಾಂತರ: ದೇಹ ತನ್ನದೇ ಕಾರ್ಟಿಸಾಲ್ ತಯಾರಿಸುವ ಅಭ್ಯಾಸ ಬಿಟ್ಟಿರುತ್ತದೆ, ತಲೆಸುತ್ತಿ ಬಿಪಿ ಬಿದ್ದು ಎಮರ್ಜೆನ್ಸಿ ಆಗಬಹುದು. ಜಾತ್ರೆ, ಮದುವೆ, ಊರು ಅಂತ ಹೊರಟಾಗ ಮಾತ್ರೆ ಸ್ಟ್ರಿಪ್ ಮೊದಲು ಬ್ಯಾಗಿಗೆ ಹಾಕಿಕೊಳ್ಳಿ.

ಹಿತ್ತಲಲ್ಲೇ ಅಮೃತಬಳ್ಳಿ ಇದೆ. ಕಷಾಯ ಕುಡಿದ್ರೆ ಏನು ತಪ್ಪು?

ಈ ಕಾಯಿಲೆ ಇದ್ದರೆ ಬೇಡ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರಾಗಬೇಡಿ. ಕೊರೊನಾ ಕಾಲದಲ್ಲಿ ಜನ ಅಮೃತಬಳ್ಳಿಯನ್ನು ದಿನವೂ ಕುಡಿದರು. 2021ರಲ್ಲಿ ಮುಂಬೈ ವೈದ್ಯರು ಹೀಗೆ ಕುಡಿದ ಆರು ಮಂದಿಗೆ ಎಐಎಚ್ ಥರದ ಲಿವರ್ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಆಮೇಲೆ ದೇಶದ 13 ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಕೊಟ್ಟವು. ಕೆಲವರಲ್ಲಿ ಮೊದಲೇ ಸದ್ದಿಲ್ಲದೆ ಇದ್ದ ಆಟೋಇಮ್ಯೂನ್ ಕಾಯಿಲೆ ಇದರಿಂದ ಹೊರಬಂದಿತ್ತು. ಆಯುಷ್ ಸಚಿವಾಲಯ ಮುಂಬೈ ವರದಿಯನ್ನು ಒಪ್ಪಲಿಲ್ಲ, ಗಿಡ ಗುರುತಿಸುವುದರಲ್ಲಿ ತಪ್ಪಾಗಿರಬಹುದು ಅಂದಿತು. ಆದರೆ ಪ್ರಯೋಗಾಲಯದಲ್ಲಿ ಅಮೃತಬಳ್ಳಿ, ಹಗೆಯನ್ನು ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನೂ ಟಿ ಕೋಶಗಳನ್ನೂ ಚುರುಕು ಮಾಡುತ್ತದೆ ಅನ್ನುವುದು ಅದನ್ನು ಹೊಗಳುವವರೇ ಹೇಳುವ ಮಾತು. ನಮಗೆ ಬೇಡವಾದದ್ದು ಅದೇ ಅಲ್ವಾ?

ಅಶ್ವಗಂಧದಿಂದಲೂ ಲಿವರ್ ಪೆಟ್ಟಿನ ವರದಿಗಳಿವೆ. ಇಂಗ್ಲಿಷ್ ಔಷಧಿಗಳೇನೂ ಸಾಚಾ ಅಲ್ಲ. ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟೋಯಿನ್, ಮೊಡವೆಗೆ ಕೊಡುವ ಮಿನೋಸೈಕ್ಲಿನ್ ಎರಡೂ ಎಐಎಚ್ ಥರದ ಕಾಯಿಲೆ ತರಬಲ್ಲವು.

ಅರಿಶಿನ, ಮುದ್ದೆ, ಬೆಲ್ಲ, ಬಾಡೂಟ?

ಮುದ್ದೆ ಬಸ್ಸಾರು ಧಾರಾಳವಾಗಿ ತಿನ್ನಿ, ರಾಗಿಯ ಕ್ಯಾಲ್ಸಿಯಂ ಸ್ಟೀರಾಯ್ಡ್ ತಿನ್ನುವ ಮೂಳೆಗೆ ಒಳ್ಳೆಯದೇ. ಸ್ಟೀರಾಯ್ಡ್ ಇರುವಾಗ ಆಲೆಮನೆ ಬೆಲ್ಲ ಎಷ್ಟೇ ಘಮ್ಮಂದರೂ ಸಕ್ಕರೆ ಸಕ್ಕರೆಯೇ. ಅಡುಗೆಗೆ ಹಾಕುವ ಅರಿಶಿನದಿಂದ ತೊಂದರೆ ಇಲ್ಲ, ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನ ಕ್ಯಾಪ್ಸೂಲ್ ಬೇರೆ ವಿಷಯ. 2022ರ ಅಮೆರಿಕದ ಒಂದು ವರದಿಯಲ್ಲಿ ಅರಿಶಿನದ ಉತ್ಪನ್ನಗಳಿಂದ ಲಿವರ್ ಪೆಟ್ಟಾದ 10 ಜನರಲ್ಲಿ 7 ಮಂದಿಗೆ ಎಚ್‌ಎಲ್‌ಎ-ಬಿ*35:01 ಅನ್ನುವ ಒಂದೇ ಜೀನ್ ಇತ್ತು. ಬಾಡೂಟ ಬಿಡಬೇಕಿಲ್ಲ. ಹೆಂಡ ಬಿಡಿ.

ಮದುವೆ ಆಗಿ ಮಕ್ಕಳು ಮಾಡ್ಕೋಬಹುದಾ?

ಆಗಬಹುದು. ಕಾಯಿಲೆ ಹತೋಟಿಯಲ್ಲಿ ಇದ್ದಾಗ ಬಸಿರಾಗೋದು ಮುಖ್ಯ. ಅಜಾಥಯೋಪ್ರಿನ್ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಅಜಾಥಯೋಪ್ರಿನ್ ಒಗ್ಗದವರಿಗೆ ಕೊಡುವ ಮೈಕೊಫಿನೋಲೇಟ್ ಮಾತ್ರ ಮಗುವಿಗೆ ಅಂಗವಿಕಲತೆ ತರಬಲ್ಲದು, ಬಸಿರಿಗೆ ಮುಂಚೆಯೇ ಬದಲಿಸಬೇಕು. ಬಸಿರಿನಲ್ಲಿ ತಾಯಿಯ ಇಮ್ಯುನಿಟಿ ಮಗುವನ್ನು ಸಹಿಸಿಕೊಳ್ಳಲು ತಗ್ಗುವುದರಿಂದ ಎಷ್ಟೋ ಜನ ಆಗ ಆರಾಮಾಗಿ ಇರುತ್ತಾರೆ. ಹೆರಿಗೆಯಾದ ಮೇಲೆ ಕಾಯಿಲೆ ಕೆರಳುವುದು ಹೆಚ್ಚು. ಬಾಣಂತನದ ಗದ್ದಲದಲ್ಲಿ ರಕ್ತಪರೀಕ್ಷೆ ತಪ್ಪಿಸಬೇಡಿ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಕೀಲುವಾತಕ್ಕೆ ಟಿಎನ್‌ಎಫ್ ತಡೆಯೋ ಇಂಜೆಕ್ಷನ್ ಇದೆಯಲ್ಲ, ಅದನ್ನೇ ಕೊಟ್ರೆ ಆಗಲ್ವಾ?

ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ಹಾಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡ ಕೆಲವರಿಗೆ ಅದರಿಂದಲೇ ಎಐಎಚ್ ಥರದ ಕಾಯಿಲೆ ಬಂದಿದೆ. ಬೇರೆ ಯಾವುದಕ್ಕೂ ಬಗ್ಗದ ಎಐಎಚ್‌ಗೆ ಅದೇ ಔಷಧಿಯನ್ನು ದೊಡ್ಡ ಕೇಂದ್ರಗಳಲ್ಲಿ ಬಳಸಿದ್ದೂ ಇದೆ. ಒಂದು ಸೈಟೊಕೈನ್ ತಡೆದರೆ ಉಳಿದವುಗಳ ಸಮತೋಲ ಎತ್ತ ವಾಲುತ್ತದೆ ಅನ್ನೋದು ಅಂಗದಿಂದ ಅಂಗಕ್ಕೆ ಬೇರೆ. ಹಾಗಾಗಿ ಮೊದಲ ಸಾಲಿನ ಔಷಧಿ ಇದಲ್ಲ. ಅಜಾಥಯೋಪ್ರಿನ್ ಒಗ್ಗದಿದ್ದರೆ ಸಾಮಾನ್ಯವಾಗಿ ಮೈಕೊಫಿನೋಲೇಟ್, ಅದೂ ಸಾಲದಿದ್ದರೆ ಇಂಟರ್‌ಲ್ಯೂಕಿನ್-2 ತಯಾರಿಕೆಯನ್ನೇ ತಡೆಯುವ ಟ್ಯಾಕ್ರೊಲಿಮಸ್.

ನಮ್ಮ ಮಾವನಿಗೆ ಕ್ಯಾನ್ಸರ್ ಇಮ್ಯುನೊಥೆರಪಿ ಕೊಟ್ಟ ಮೇಲೆ ಲಿವರ್ ಊತ ಅಂದ್ರು. ಇದೂ ಅದೇನಾ?

ದಾಯಾದಿ ಅನ್ನಬಹುದು. ಟಿ ಕೋಶದ ಮೇಲೆ ಸಿಟಿಎಲ್‌ಎ-4, ಪಿಡಿ-1 ಅನ್ನುವ ಎರಡು ಬ್ರೇಕುಗಳಿವೆ. ಕ್ಯಾನ್ಸರ್ ಕೋಶ ಅವನ್ನು ಒತ್ತಿ ಬಚಾವಾಗುತ್ತದೆ. ಬ್ರೇಕ್ ತೆಗೆಯುವ ಈ ಔಷಧಿಗಳ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೆ 2018ರಲ್ಲಿ ನೊಬೆಲ್ ಬಂತು. ಬ್ರೇಕ್ ತೆಗೆದರೆ ಟಿ ಕೋಶ ಗಡ್ಡೆಯ ಜೊತೆ ಲಿವರನ್ನೂ ಹೊಡೆಯಬಹುದು. ಇದರಲ್ಲಿ ಎಎನ್‌ಎ ಮತ್ತು ಐಜಿಜಿ ಸಾಮಾನ್ಯವಾಗಿ ಏರಿರುವುದಿಲ್ಲ, ಔಷಧಿ ನಿಲ್ಲಿಸಿ ಬೇಕಾದರೆ ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಿನವರಲ್ಲಿ ಇಳಿಯುತ್ತದೆ, ಮತ್ತು ಎಐಎಚ್ ಹಾಗೆ ವರ್ಷಗಟ್ಟಲೆ ಮಾತ್ರೆ ಬೇಕಾಗುವುದು ಕಮ್ಮಿ. ತಾಳ್ಮೆಯ ಸಿಗ್ನಲ್ ತೆಗೆದರೆ ಲಿವರ್‌ಗೆ ಏನಾಗುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲೇ ಸಿಕ್ಕಿದ ಪುರಾವೆ ಇದು.

ಪಿಬಿಸಿಯೂ ಆಟೋಇಮ್ಯೂನ್ ಅಂತೀರಿ, ಅದಕ್ಕೆ ಸ್ಟೀರಾಯ್ಡ್ ಯಾಕೆ ಕೊಡಲ್ಲ?

ಪಿಬಿಸಿಯಲ್ಲಿ ಗುರಿ ತುಂಬಾ ಸ್ಪಷ್ಟ: ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಪಿಡಿಸಿ-ಇ2 ಅನ್ನುವ ಪ್ರೋಟೀನು. ಅದರ ವಿರುದ್ಧದ ಎಎಂಎ ಆಂಟಿಬಾಡಿ 90%ಗಿಂತ ಜಾಸ್ತಿ ರೋಗಿಗಳಲ್ಲಿ ಸಿಗುತ್ತದೆ. ಮೈಟೊಕಾಂಡ್ರಿಯಾ ಎಲ್ಲಾ ಕೋಶದಲ್ಲೂ ಇದ್ದರೂ ಹೊಡೆತ ಪಿತ್ತನಾಳದ ಕೋಶಕ್ಕೇ, ಯಾಕೆಂದರೆ ಆ ಕೋಶ ಸಾಯುವಾಗ ಈ ಪ್ರೋಟೀನು ಪೂರ್ತಿ ಒಡೆಯದೆ ಹಾಗೇ ಹೊರಬೀಳುತ್ತದೆ. ಆಮೇಲೆ ಪಿತ್ತ ಹರಿಯದೆ ನಿಂತು, ಆ ಪಿತ್ತವೇ ಲಿವರನ್ನು ಸುಡುತ್ತದೆ. ಹಾಗಾಗಿ ಇಮ್ಯುನಿಟಿ ಮಾತ್ರ ತಗ್ಗಿಸಿದರೆ ಸಾಲದು. ದಿನಕ್ಕೆ ದೇಹತೂಕದ ಕೆಜಿಗೆ 13ರಿಂದ 15 ಮಿ.ಗ್ರಾಂ ಲೆಕ್ಕದಲ್ಲಿ ಅರ್ಸೊಡಿಆಕ್ಸಿಕೋಲಿಕ್ ಆಸಿಡ್ ಕೊಡುತ್ತಾರೆ. ಅದಕ್ಕೆ ಸ್ಪಂದಿಸದವರಿಗೆ ಅಂತ 2024ರಲ್ಲಿ ಅಮೆರಿಕದಲ್ಲಿ ಎಲಾಫಿಬ್ರನಾರ್, ಸೆಲಾಡೆಲ್ಪಾರ್ ಎರಡಕ್ಕೆ ಅನುಮತಿ ಸಿಕ್ಕಿತು. ಇವೂ ಮುಖ್ಯವಾಗಿ ಪಿತ್ತದ ಕಡೆಯಿಂದಲೇ ಕೆಲಸ ಮಾಡುವಂಥವು.

ಇಲ್ಲೊಂದು ಪಾಠ ಇದೆ. 2009ರಲ್ಲಿ ಜೀನ್ ಹುಡುಕಾಟದಲ್ಲಿ ಪಿಬಿಸಿಗೂ ಇಂಟರ್‌ಲ್ಯೂಕಿನ್-12ರ ಸಿಗ್ನಲ್ ದಾರಿಗೂ ಗಟ್ಟಿ ನಂಟು ಕಂಡಿತು. ಸರಿ, 12 ಮತ್ತು 23 ಎರಡನ್ನೂ ತಡೆಯುವ ಉಸ್ಟೆಕಿನುಮ್ಯಾಬ್ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ. ಸಿಗ್ನಲ್ ಕಾಯಿಲೆ ಶುರು ಮಾಡಿರಬಹುದು, ಆದರೆ ರೋಗಿ ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಕಾಯಿಲೆ ಬೇರೆ ಕಾಲಿನ ಮೇಲೆ ನಿಂತಿರಬಹುದು. ಇಲಿಯಲ್ಲಿ ಒಂದು ಸೈಟೊಕೈನ್ ತಡೆದರು, ಇನ್ನು ಕಾಯಿಲೆ ಮುಗೀತು ಅನ್ನುವ ಸುದ್ದಿ ಯಾರಾದರೂ ಕಳಿಸಿದಾಗ ನಾನು ಇದನ್ನೇ ನೆನಪಿಸುತ್ತೇನೆ.

ಲಿವರ್ ಬದಲಾಯಿಸಿದ್ರೆ ಕಾಯಿಲೆ ಪೂರ್ತಿ ಹೋಗುತ್ತಾ?

ಕೆಟ್ಟ ಲಿವರ್ ಹೋಗುತ್ತದೆ, ಅದನ್ನು ಕೆಡಿಸಿದ ಇಮ್ಯುನಿಟಿ ನಿಮ್ಮದೇ ಆಗಿ ಉಳಿಯುತ್ತದೆ. ಹಾಗಾಗಿ ಕಸಿ ಮಾಡಿದ ಲಿವರಿನಲ್ಲೂ ಮೂರೂ ಕಾಯಿಲೆಗಳು ಕೆಲವರಿಗೆ ಮತ್ತೆ ಬರುತ್ತವೆ. ಹಾಗಂತ ಕಸಿ ದಂಡ ಅಲ್ಲ. ಸಿರೋಸಿಸ್ ಮುಂದುವರಿದು ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಪರು ಶುರುವಾದವರಿಗೆ ಜೀವ ಉಳಿಸುವ ದಾರಿ ಅದೇ, ಮತ್ತು ಆಟೋಇಮ್ಯೂನ್ ಕಾಯಿಲೆಯವರಲ್ಲಿ ಕಸಿಯ ಫಲಿತಾಂಶ ಚೆನ್ನಾಗಿಯೇ ಇದೆ. ಆಮೇಲೂ ಟ್ಯಾಕ್ರೊಲಿಮಸ್‌ನಂಥ ಮಾತ್ರೆ ಜೀವನಪೂರ್ತಿ ಬೇಕು, ಎಐಎಚ್ ಇದ್ದವರಿಗೆ ಜೊತೆಗೆ ಸ್ವಲ್ಪ ಸ್ಟೀರಾಯ್ಡನ್ನೂ ಮುಂದುವರಿಸುವುದುಂಟು. ಮಿದುಳು ನಿಷ್ಕ್ರಿಯವಾದ ದಾನಿಯಿಂದ ಲಿವರ್ ಸಿಗಬೇಕಾದರೆ ಕರ್ನಾಟಕದಲ್ಲಿ ಅಂಗದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಇರಬೇಕು. ಆ ನೋಂದಣಿ ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ಆಗುತ್ತದೆ, ನೀವು ಬೇರೆ ಕಡೆ ಅಲೆಯಬೇಕಿಲ್ಲ.